ಕಾರವಾರದ ಫೋಟೋ ಪ್ರದರ್ಶನ: ಹೋಗಿ, ಮನೆಯ ಹಿರಿಯರನ್ನೂ ಕರೆದುಕೊಂಡು ಹೋಗಿ

ನೇರ ವಿಷಯಕ್ಕೆ ಬರುತ್ತೇನೆ. ಕಾರವಾರ ಪೇಟೆಯ ಹಳೆ ಕಟ್ಟಡವೊಂದರ ಮಹಡಿಯಲ್ಲಿ ನಮ್ಮ ಉತ್ತರ ಕನ್ನಡ ಜಿಲ್ಲೆಯ ಕಳೆದ ಅರವತ್ತು ಚಿಲ್ಲರೆ ವರ್ಷಗಳ ದಾಖಲೆ ಫೋಟೋಗಳನ್ನು ಇಟ್ಟಿದ್ದಾರೆ. ನೋಡಲೇಬೇಕು. ಕೊರತೆಗಳಿವೆ, ಒಂದೆರಡು ಸಣ್ಣವೂ ಅಲ್ಲ, ಅವನ್ನೂ ಹೇಳುತ್ತೇನೆ. ಆದರೂ ಅಣೆಕಟ್ಟು, ನೌಕಾನೆಲೆ, ರೈಲು, ಅಣುಸ್ಥಾವರ, ಹೆದ್ದಾರಿ ಎಂದು ಒಂದಾದ ಮೇಲೊಂದು ಬಂದ ಜಿಲ್ಲೆ ನಮ್ಮದು. ಅದನ್ನೆಲ್ಲ ಒಂದೇ ಕಡೆ ಗೋಡೆಯ ಮೇಲೆ ನೋಡುವ ಅವಕಾಶ ನಮಗೆ ಎಷ್ಟು ಸಲ ಸಿಕ್ಕಿದೆ ಹೇಳಿ?

ಹಾಕಿದವರು ದೊಡ್ಡ ಸಂಸ್ಥೆಯವರೇನಲ್ಲ. ಸ್ಟುಡಿಯೋ ನಡೆಸಿ ಈಗ ಬಾಗಿಲು ಹಾಕಿದವರು, ಪತ್ರಿಕೆಗಳಿಗೆ ಫೋಟೋ ಕಳಿಸುತ್ತಿದ್ದ ಹಳಬರು, ಒಬ್ಬಿಬ್ಬರು ನಿವೃತ್ತ ಮಾಸ್ತರು, ಜೊತೆಗೆ ಕಾಲೇಜಿನ ಹುಡುಗ ಹುಡುಗಿಯರು. ಮನೆಮನೆಯ ಕಪಾಟು, ಟ್ರಂಕುಗಳಿಂದ ನೆಗೆಟಿವ್ ಹುಡುಕಿ, ಸ್ಕ್ಯಾನ್ ಮಾಡಿ, ದೊಡ್ಡದಾಗಿ ಪ್ರಿಂಟ್ ಹಾಕಿಸಿದ್ದಾರೆ. ನಮ್ಮ ಕಡೆಯ ಮಳೆಗಾಲ ಗೊತ್ತಲ್ಲ, ಆ ತೇವಕ್ಕೆ ನೆಗೆಟಿವ್‌ಗಳು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಬೂಸ್ಟು ಹಿಡಿಯುತ್ತದೆ. ಕೆಲವು ಚಿತ್ರಗಳ ಮೂಲೆಯಲ್ಲಿ ಆ ಬೂಸ್ಟಿನ ಎಳೆಗಳು ಜರಿಗಿಡದ ಎಲೆಯ ಹಾಗೆ ಹರಡಿರುವುದು ಕಾಣುತ್ತದೆ. ಅದನ್ನು ಕಂಪ್ಯೂಟರಿನಲ್ಲಿ ಒರೆಸಿ ಚಂದ ಮಾಡಬಹುದಿತ್ತು. ಮಾಡಿಲ್ಲ. ಒಳ್ಳೆಯದೇ ಆಯಿತು.

ಮೊದಲ ಗೋಡೆ 1961. ಕಾರವಾರದ ಎದುರಿಗಿರುವ ಅಂಜದೀವ ದ್ವೀಪ ಆಗ ಪೋರ್ಚುಗೀಸರ ಕೈಯಲ್ಲಿತ್ತು. ಆ ವರ್ಷದ ನವೆಂಬರ್‌ನಲ್ಲಿ ಅಲ್ಲಿಂದ ಸಾಬರಮತಿ ಎಂಬ ಪ್ರಯಾಣಿಕರ ಹಡಗಿನ ಮೇಲೆ ಗುಂಡು ಹಾರಿಸಿದ್ದರು, ಮೀನುಗಾರರ ದೋಣಿಯ ಮೇಲೂ ಹಾರಿಸಿದ್ದರು, ಒಬ್ಬ ಮೀನುಗಾರ ಸತ್ತಿದ್ದ. ಡಿಸೆಂಬರ್ 18ಕ್ಕೆ ನಮ್ಮ ನೌಕಾಪಡೆಯ ಮೈಸೂರು ಮತ್ತು ತ್ರಿಶೂಲ್ ಹಡಗುಗಳ ನಾವಿಕರು ದ್ವೀಪಕ್ಕೆ ಇಳಿದರು, ಏಳು ಮಂದಿ ಪ್ರಾಣ ಕೊಟ್ಟರು. ಇಲ್ಲಿರುವ ಚಿತ್ರಗಳಲ್ಲಿ ಯುದ್ಧವೇನೂ ಕಾಣುವುದಿಲ್ಲ. ದಡದಲ್ಲಿ ರಂಪಣಿ ಬಲೆ ಒಣಗಲು ಹಾಕಿ, ಕೈ ಅಡ್ಡ ಹಿಡಿದು ದ್ವೀಪದ ಕಡೆ ನೋಡುತ್ತಿರುವ ಗಂಡಸರಿದ್ದಾರೆ, ಅಷ್ಟೇ. ಪಕ್ಕದಲ್ಲೇ 1966ರಲ್ಲಿ ಮುಂಡಗೋಡಕ್ಕೆ ಬಂದು ನೆಲೆಸಿದ ಟಿಬೆಟನ್ನರ ಸಣ್ಣ ಗೋಡೆ. ಚಿತ್ರ ಕಮ್ಮಿ, ಬರೆದದ್ದು ಇನ್ನೂ ಕಮ್ಮಿ. ಯಲ್ಲಾಪುರ ಕಡೆಯ ಸಿದ್ದಿಗಳದ್ದೂ ಅದೇ ಕತೆ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದ್ದು ಅವರ ಪಾಲಿಗೆ ಎಷ್ಟು ದೊಡ್ಡ ವಿಷಯ, ಅದರ ಒಂದು ಚಿತ್ರವೂ ಇಲ್ಲ. ಡಮಾಮಿ ಕುಣಿತದ ಎರಡು ಫೋಟೋ ಹಾಕಿ ಮುಗಿಸಿದ್ದಾರೆ. ಇದು ನನಗೆ ಸರಿ ಕಾಣಲಿಲ್ಲ.

ಸೂಪಾದ ಗೋಡೆಯಲ್ಲಿ ಸ್ವಲ್ಪ ನಿಲ್ಲಿ. ಕಾಳಿ ನದಿಗೆ 101 ಮೀಟರ್ ಎತ್ತರದ ಅಣೆಕಟ್ಟು ಬಂದಾಗ ಸೂಪಾ ಎಂಬ ಊರೇ ಮುಳುಗಿತು, ತಾಲೂಕು ಕಚೇರಿ ಜೋಯಿಡಾಕ್ಕೆ ಹೋಯಿತು. ಇದನ್ನು ನಾವೆಲ್ಲ ಓದಿದ್ದೇವೆ. ಇಲ್ಲಿ ಇರುವುದು ಮುಳುಗುವ ಮೊದಲಿನ ದಿನಗಳು. ಜನ ತಮ್ಮ ಮನೆಯನ್ನು ತಾವೇ ಬಿಚ್ಚುತ್ತಿದ್ದಾರೆ. ಹಂಚು ಇಳಿಸಿ ಸಾಲಾಗಿ ಪೇರಿಸಿದ್ದಾರೆ. ಬಾಗಿಲ ಚೌಕಟ್ಟನ್ನು ಲಾರಿಗೆ ಏರಿಸುವ ಮೊದಲು ಯಾವ ಕಟ್ಟಿಗೆ ಎಲ್ಲಿಯದು ಎಂದು ಸೀಮೆಸುಣ್ಣದಲ್ಲಿ ನಂಬರ್ ಬರೆದಿದ್ದಾರೆ. ಆ ನಂಬರುಗಳು ಫೋಟೋದಲ್ಲಿ ಸ್ಪಷ್ಟವಾಗಿ ಓದಲು ಬರುತ್ತವೆ. ಅಣೆಕಟ್ಟಿನ ಮೇಲೆ ಎಷ್ಟು ಸಾವಿರ ಪುಟ ಬರೆದರೂ ಈ ಸೀಮೆಸುಣ್ಣದ ನಂಬರಿನಷ್ಟು ಹೇಳಲು ಆಗುವುದಿಲ್ಲ.

ನನಗೆ ಎಲ್ಲಕ್ಕಿಂತ ಜಾಸ್ತಿ ಇಷ್ಟವಾದದ್ದು ಒಂದು ಕಾಂಟ್ಯಾಕ್ಟ್ ಶೀಟ್. ಈಗಿನವರಿಗೆ ಗೊತ್ತಿರಲಿಕ್ಕಿಲ್ಲ, ಫಿಲ್ಮ್ ಕಾಲದಲ್ಲಿ ಒಂದು ರೋಲಿನ ಅಷ್ಟೂ ಚಿತ್ರಗಳನ್ನು ನೆಗೆಟಿವ್ ಅಳತೆಯಲ್ಲೇ ಒಂದು ಹಾಳೆಯ ಮೇಲೆ ತೆಗೆದುಕೊಳ್ಳುತ್ತಿದ್ದರು, ಅದರಲ್ಲಿ ಯಾವುದನ್ನು ದೊಡ್ಡದು ಮಾಡಬೇಕೋ ಅದಕ್ಕೆ ಕೆಂಪು ಪೆನ್ಸಿಲ್‌ನಲ್ಲಿ ಗೆರೆ ಎಳೆಯುತ್ತಿದ್ದರು. ಈ ಹಾಳೆ ಅಪ್ಪಿಕೋ ಚಳವಳಿಯದ್ದು. 1983ರ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಾಡಿಗೆ ಹೋಗಿ ಮರಗಳನ್ನು ಅಪ್ಪಿ ನಿಂತಿದ್ದರಲ್ಲ, ಆಗ ತೆಗೆದದ್ದಂತೆ. ಕೆಂಪು ಗೆರೆ ಬಿದ್ದ ಚಿತ್ರದಲ್ಲಿ ಒಬ್ಬ ಹೆಂಗಸು ಮರಕ್ಕೆ ಕೆನ್ನೆ ಒತ್ತಿ ನಿಂತಿದ್ದಾಳೆ. ನಾವು ಎಲ್ಲ ಕಡೆ ನೋಡುವ ತರದ್ದೇ ಚಿತ್ರ. ಅದರ ಅಕ್ಕಪಕ್ಕ ನೋಡಿ. ಹಿಂದಿನ ಚಿತ್ರದಲ್ಲಿ ಅದೇ ಹೆಂಗಸು ಕಂಬಳಿ ಕೊಪ್ಪೆ ಸರಿಸಿ, ಬೇರಿನ ಮೇಲೆ ಕೂತು ಬುತ್ತಿ ಬಿಚ್ಚುತ್ತಿದ್ದಾಳೆ. ಎರಡು ಚಿತ್ರ ಮುಂದೆ ಬಂದರೆ ಒಂದು ದಿಮ್ಮಿ. ಮರ ಕಡಿಯಲು ಬಂದ ಕೂಲಿಯವರೂ ಮರ ಅಪ್ಪಲು ಬಂದ ಊರಿನವರೂ ಅದರ ಮೇಲೆ ಒಟ್ಟಿಗೆ ಕೂತು ಕವಳ (ಎಲೆಯಡಿಕೆ) ಹಾಕುತ್ತಿದ್ದಾರೆ. ಕೊಡಲಿ ಕಾಲ ಹತ್ತಿರ ಬಿದ್ದಿದೆ.

ಆ ದಿಮ್ಮಿಯ ಚಿತ್ರಕ್ಕೆ ಕೆಂಪು ಗೆರೆ ಬೀಳಲಿಲ್ಲ. ಪತ್ರಿಕೆಗೆ ಅದು ಬೇಕಿರಲಿಲ್ಲ, ಅರ್ಥವಾಗುತ್ತದೆ. ಆದರೆ ನನಗೆ ಈ ಚಳವಳಿ ನಿಜವಾಗಿ ಹೇಗಿತ್ತು ಎಂದು ಗೊತ್ತಾದದ್ದು ಅದರಿಂದಲೇ. ಕೂಲಿಯವರ ಮೇಲೆ ಯಾರಿಗೂ ಸಿಟ್ಟಿರಲಿಲ್ಲ. ಸೊಪ್ಪಿನ ಬೆಟ್ಟ ಬೋಳಾದರೆ ತೋಟಕ್ಕೆ ಸೊಪ್ಪು ಎಲ್ಲಿಂದ, ದರಕು (ಉದುರಿದ ಒಣ ಎಲೆ) ಎಲ್ಲಿಂದ, ಹಳ್ಳದಲ್ಲಿ ನೀರು ಎಲ್ಲಿಂದ, ಇದು ಅವರ ಪ್ರಶ್ನೆ. ಉಳಿಸು, ಬೆಳೆಸು, ಬಳಸು ಎಂದು ಅವರು ಕೂಗಿದ್ದರಲ್ಲಿ ಬಳಸು ಅನ್ನುವುದೂ ಇದೆ, ಅದನ್ನು ಎಷ್ಟೋ ಜನ ಮರೆತೇಬಿಡುತ್ತಾರೆ. ಹಾಳೆ ಚಿಕ್ಕದು. ಪಕ್ಕದಲ್ಲಿ ಒಂದು ಭೂತಗನ್ನಡಿ ದಾರದಲ್ಲಿ ನೇತುಹಾಕಿದ್ದಾರೆ, ಅದನ್ನು ಹಿಡಿದು ಒಂದೊಂದೇ ನೋಡಿ, ಅವಸರ ಮಾಡಬೇಡಿ.

ಮುಂದಿನದು ಸೀಬರ್ಡ್, ಅಂದರೆ ನೌಕಾನೆಲೆಯ ಯೋಜನೆ. ಕಾರವಾರದವರು ಎಲ್ಲರೂ ಇಲ್ಲೇ ಗುಂಪು ಕಟ್ಟಿ ನಿಲ್ಲುತ್ತಾರೆ, ಯಾಕೆ ಎಂದು ಬಿಡಿಸಿ ಹೇಳಬೇಕಾಗಿಲ್ಲ. 1986ರ ಅಕ್ಟೋಬರ್ 24ರಂದು ರಾಜೀವ್ ಗಾಂಧಿ ಬಂದು ಅಡಿಗಲ್ಲು ಹಾಕಿದರು. ಆಮೇಲೆ ದೇಶದ ಹತ್ತಿರ ದುಡ್ಡಿಲ್ಲ ಎಂದು ಕೆಲಸ ವರ್ಷಗಟ್ಟಲೆ ನಿಂತಿತು. ಮತ್ತೆ ಶುರುವಾಗಿ, 2005ರ ಮೇ 31ಕ್ಕೆ ಐಎನ್ಎಸ್ ಕದಂಬ ನೌಕಾನೆಲೆ ಆಯಿತು. ಹತ್ತೊಂಬತ್ತು ವರ್ಷ. ಈ ನಡುವೆ ನೆಲೆಗಾಗಿ ಜಾಗ ಬಿಡಬೇಕಿದ್ದ ಅರ್ಗಾ, ಬಿಣಗಾ ಕಡೆಯ ಜನ ಇವತ್ತು ಏಳುವುದೋ ನಾಳೆ ಏಳುವುದೋ ಗೊತ್ತಿಲ್ಲದೆ ಮನೆಗೆ ಹೊಸ ಹಂಚು ಹಾಕಿಸುವುದಕ್ಕೂ ಹಿಂದೆ ಮುಂದೆ ನೋಡುತ್ತ ಬದುಕಿದರು. ಪರಿಹಾರದ ಕೇಸುಗಳು ಕೋರ್ಟಿನಲ್ಲಿ ಎಷ್ಟು ಕಾಲ ಎಳೆದವು ಎಂದು ತೋಡೂರು, ಮುದಗಾ ಪುನರ್ವಸತಿ ಕಾಲೊನಿಗಳಲ್ಲಿ ಯಾರನ್ನು ಬೇಕಾದರೂ ಕೇಳಿ.

ಇಲ್ಲಿನ ಚಿತ್ರಗಳನ್ನು ತೆಗೆದದ್ದು ಊರಿನ ಸ್ಟುಡಿಯೋದವರೇ. ಜನ ಅವರನ್ನು ಕರೆಸಿ, ಬಿಟ್ಟು ಹೋಗುವ ಮೊದಲು ಮನೆಯ ಎದುರು, ತುಳಸಿಕಟ್ಟೆಯ ಎದುರು, ಬಾವಿಯ ಹತ್ತಿರ ನಿಂತು ಫೋಟೋ ತೆಗೆಸಿಕೊಂಡಿದ್ದಾರೆ. ಹಬ್ಬದ ಸೀರೆ ಉಟ್ಟಿದ್ದಾರೆ. ಯಾರೂ ಅಳುತ್ತಿಲ್ಲ. ಈಗ ಹೆದ್ದಾರಿಯಲ್ಲಿ ಹೋದರೆ ಅಲ್ಲಿ ಕಾಣುವುದು ಉದ್ದಕ್ಕೆ ಕಾಂಪೌಂಡು, ಮೇಲೆ ತಂತಿ.

ಈ ಗೋಡೆಯನ್ನು ಬೇರೆಲ್ಲದಕ್ಕಿಂತ ಮೇಲೆ ಇಡುವುದು ಅಲ್ಲಿ ಕಟ್ಟಿರುವ ಒಂದು ಪುಸ್ತಕ. ಚಿತ್ರದಲ್ಲಿ ಯಾರ, ಯಾವುದರ ಗುರುತು ಸಿಕ್ಕರೂ ಬರೆಯಿರಿ ಎಂದು ಇಟ್ಟಿದ್ದಾರೆ. ಬರೆಯಲು ಬಾರದವರಿಗೆ ಬರೆದುಕೊಳ್ಳಲು ಒಬ್ಬಳು ಕಾಲೇಜು ಹುಡುಗಿ ಕೂತಿದ್ದಾಳೆ. ನಾನಿದ್ದಾಗ ವಯಸ್ಸಾದ ಒಬ್ಬರು ಮಗನ ತೋಳು ಹಿಡಿದು ಬಂದರು. ಒಂದು ಉದ್ದನೆಯ ಹಂಚಿನ ಕಟ್ಟಡದ ಚಿತ್ರದ ಕೆಳಗೆ ‘ಊರ ಶಾಲೆ’ ಎಂದಿತ್ತು. ಅವರು ಬಗ್ಗಿ ನೋಡಿ, "ತಂಗೀ, ಇದು ಶಾಲೆಯಲ್ಲ, ಸೊಸೈಟಿ. ರೇಶನ್ನಿಗೆ ಸಾಲು ನಿಲ್ಲುತ್ತಿದ್ದೆವು. ಶಾಲೆ ಇದರ ಹಿಂದೆ, ಈ ಮರ ಕಾಣ್ತದಲ್ಲ, ಅದರ ಬುಡಕ್ಕೆ ಇತ್ತು" ಅಂದರು. ಹುಡುಗಿ, "ಯಾವ ವರ್ಷ ಇರಬಹುದು ಅಜ್ಜಿ?" ಅಂತ ಕೇಳಿದಳು. "ವರ್ಷ ಗೊತ್ತಿಲ್ಲ, ಇವ ಹೊಟ್ಟೆಯಲ್ಲಿದ್ದ" ಎಂದು ಮಗನನ್ನು ತೋರಿಸಿದರು. ಮಗ ತಾನು ಹುಟ್ಟಿದ ವರ್ಷ ಹೇಳಿದ. ಹುಡುಗಿ ಅಲ್ಲೇ ಎದ್ದು ಹೋಗಿ ಕೆಳಗಿನ ಚೀಟಿಯಲ್ಲಿ ‘ಶಾಲೆ’ ಹೊಡೆದು ಪೆನ್ಸಿಲ್‌ನಲ್ಲಿ ‘ಸೊಸೈಟಿ’ ಎಂದು ಬರೆದಳು, ವರ್ಷವನ್ನೂ ಹಾಕಿದಳು. ಚೀಟಿಗಳಲ್ಲಿ ಇಂಥ ತಿದ್ದುಪಡಿ ಎಷ್ಟೋ ಇವೆ. ಕೆಲವು ಕಡೆ ಒಬ್ಬರು ಬರೆದದ್ದನ್ನು ಇನ್ನೊಬ್ಬರು ಹೊಡೆದು ಹಾಕಿದ್ದಾರೆ, ಎರಡನ್ನೂ ಹಾಗೆಯೇ ಬಿಟ್ಟಿದ್ದಾರೆ.

ಫೋಟೋ ಸುಳ್ಳು ಹೇಳುವುದಿಲ್ಲ ಎನ್ನುತ್ತಾರೆ, ನಾನು ಒಪ್ಪುವುದಿಲ್ಲ. ಕೆಳಗೆ ಶಾಲೆ ಎಂದು ಬರೆದರೆ ನೋಡುವವರಿಗೆಲ್ಲ ಅದು ಶಾಲೆಯೇ. ಆ ಅಜ್ಜಿ ಬರದೇ ಇದ್ದಿದ್ದರೆ ಇನ್ನು ಐವತ್ತು ವರ್ಷ ಆ ಊರಿನ ಶಾಲೆ ಅದೇ ಆಗಿ ಉಳಿಯುತ್ತಿತ್ತು. ಎಲ್ಲಿ, ಯಾವಾಗ, ಯಾರು ಅನ್ನುವ ಮೂರು ಸಂಗತಿ ಕೆಳಗೆ ಇಲ್ಲದಿದ್ದರೆ ಎಷ್ಟು ಚಂದದ ಚಿತ್ರವಾದರೂ ಅದು ಇತಿಹಾಸಕ್ಕೆ ಉಪಯೋಗಕ್ಕೆ ಬಾರದು. ಈ ಪ್ರದರ್ಶನ ಗೆಲ್ಲುವುದು ಸೋಲುವುದು ಎರಡೂ ಇದೇ ವಿಷಯದಲ್ಲಿ.

ಸೋತದ್ದಕ್ಕೆ ಕೈಗಾ ಅಣುಸ್ಥಾವರದ ಗೋಡೆಯೇ ಸಾಕ್ಷಿ. ಮೊದಲ ಘಟಕ 2018ರಲ್ಲಿ 962 ದಿನ ಒಂದೇ ಸಮ ಓಡಿ ದಾಖಲೆ ಮಾಡಿತ್ತು, ಆಗಿನ ಸಂಭ್ರಮದ ಬಣ್ಣದ ಚಿತ್ರಗಳಿವೆ. ಇರಲಿ, ಅದೂ ನಡೆದದ್ದೇ, ಅಲ್ಲಿ ದುಡಿದವರೂ ನಮ್ಮವರೇ. ಆದರೆ 1994ರ ಮೇ 13ರಂದು, ಸ್ಥಾವರ ಇನ್ನೂ ಶುರುವಾಗುವ ಮೊದಲೇ, ಅದೇ ಘಟಕದ ಒಳಗಿನ ಗುಮ್ಮಟದ ಕಾಂಕ್ರೀಟ್ ಕಳಚಿ ಬಿದ್ದದ್ದು? ಅದರ ಬಗ್ಗೆ ಒಂದು ಸಾಲೂ ಇಲ್ಲ. ಕೈಗಾ ವಿರೋಧಿಸಿ ಇಳಿವಯಸ್ಸಿನ ಶಿವರಾಮ ಕಾರಂತರು 1989ರಲ್ಲಿ ನಮ್ಮ ಕ್ಷೇತ್ರದಿಂದಲೇ ಲೋಕಸಭೆಗೆ ನಿಂತಿದ್ದರು. ಮೈಕು ಹಿಡಿದ ಒಬ್ಬ ಹಿರಿಯರ ಮಸುಕಾದ ಚಿತ್ರವೊಂದು ಮೂಲೆಯಲ್ಲಿದೆ, ಅದು ಅವರದ್ದೋ ಬೇರೆಯವರದ್ದೋ ಯಾರೂ ಬರೆದಿಲ್ಲ. ಚಿತ್ರ ಸಿಗಲಿಲ್ಲ ಎಂದಾದರೆ ಖಾಲಿ ಚೌಕಟ್ಟು ಹಾಕಿ ಅದರೊಳಗೆ ನಡೆದದ್ದನ್ನು ಬರೆಯಿರಿ. ಕೆಲವು ಸಂಗತಿಗಳ ಫೋಟೋ ಯಾಕೆ ಸಿಗುವುದಿಲ್ಲ ಎಂಬುದೂ ಜನರಿಗೆ ಗೊತ್ತಾಗಲಿ.

ಕೊಂಕಣ ರೈಲ್ವೆಯ ಚಿತ್ರಗಳು ಚೆನ್ನಾಗಿವೆ, ಸುರಂಗದೊಳಗಿನ ಕೆಲಸಗಾರರು, 1998ರಲ್ಲಿ ರೈಲು ನೋಡಲು ಸ್ಟೇಶನ್ನಿಗೆ ಬಂದ ಜನಜಂಗುಳಿ. ಬೇಲೆಕೇರಿಯಲ್ಲಿ ಬೆಟ್ಟದ ಹಾಗೆ ರಾಶಿ ಬಿದ್ದಿದ್ದ ಅದಿರಿನದ್ದೂ ಇದೆ, 2010ರಲ್ಲಿ ಜಪ್ತಿಯಾದ ಅದಿರೇ ಕಾಣೆಯಾಯಿತಲ್ಲ, ಅದು. 2020ರ ಜನವರಿಯಲ್ಲಿ ಬಂದರು ವಿಸ್ತರಣೆ ಬೇಡವೆಂದು ಮೀನುಗಾರರು ಟಾಗೋರ್ ಕಡಲತೀರದಲ್ಲಿ ಕೂತದ್ದು, ಬುಟ್ಟಿ ಹೊರುವ ಹೆಂಗಸರು ಪೊಲೀಸರ ಎದುರು ನಿಂತದ್ದು, ಅವೂ ಇವೆ. ಇವನ್ನು ನೋಡುತ್ತ ಮುಂದೆ ಹೋಗಬಹುದು.

ನಡುವೆ ಒಂದು ಸಣ್ಣ ಕೋಣೆ ಹೊರಗಿನ ಚಿತ್ರಗಳದ್ದು. ಇದು ಬೇಕಿತ್ತಾ ಎಂದು ಮೊದಲು ಅನ್ನಿಸಬಹುದು, ಬೇಕಿತ್ತು. ಭೋಪಾಲದ ಆ ಮಗುವಿನ ಚಿತ್ರ ಎಲ್ಲರೂ ನೋಡಿರುತ್ತೀರಿ, 1984ರ ಡಿಸೆಂಬರ್, ಮಣ್ಣು ಮುಚ್ಚುತ್ತಿರುವ ಕೈ, ತೆರೆದ ಕಣ್ಣು. ರಘು ರಾಯ್ ಕಪ್ಪುಬಿಳುಪಿನಲ್ಲಿ ತೆಗೆದರು, ಪಾಬ್ಲೊ ಬಾರ್ಥೊಲೊಮ್ಯು ಬಣ್ಣದಲ್ಲಿ ತೆಗೆದರು, ಬಣ್ಣದ್ದಕ್ಕೆ ಆ ವರ್ಷದ ವರ್ಲ್ಡ್ ಪ್ರೆಸ್ ಫೋಟೋ ದೊಡ್ಡ ಬಹುಮಾನ ಬಂತು. ಜಗತ್ತೆಲ್ಲ ನೋಡಿದ ಆ ಮಗು ಯಾರದ್ದು ಎಂದು ಮಾತ್ರ ಇವತ್ತಿಗೂ ಗೊತ್ತಾಗಲಿಲ್ಲ. ಪಕ್ಕದಲ್ಲಿ 1972ರ ವಿಯೆಟ್ನಾಂ, ನೇಪಾಮ್ ಬಾಂಬಿಗೆ ಸುಟ್ಟು ಓಡಿ ಬರುತ್ತಿರುವ ಹುಡುಗಿ. ಅವಳ ಹೆಸರು ಕಿಮ್ ಫುಕ್, ಬದುಕಿ ಉಳಿದಳು. ಅಲ್ಲಿ ತಕರಾರು ಬಂದಿರುವುದು ಫೋಟೋ ತೆಗೆದವರ ಬಗ್ಗೆ. ಅರ್ಧ ಶತಮಾನ ನಿಕ್ ಉಟ್ ಹೆಸರಿನಲ್ಲಿದ್ದ ಚಿತ್ರ ಅದು, 2025ರಲ್ಲಿ ವರ್ಲ್ಡ್ ಪ್ರೆಸ್ ಫೋಟೋದವರು ಆ ಹೆಸರನ್ನು ತಡೆಹಿಡಿದರು. ನಮ್ಮ ಪೆನ್ಸಿಲ್ ತಿದ್ದುಪಡಿಗಳನ್ನು ನೋಡಿ ಬಂದ ಮೇಲೆ ಈ ಎರಡು ಚಿತ್ರಗಳ ಎದುರು ನಿಂತರೆ, ಹೆಸರು ಬರೆದಿಡುವ ಕೆಲಸ ಎಷ್ಟು ದೊಡ್ಡದು ಎಂದು ತಾನಾಗಿಯೇ ತಿಳಿಯುತ್ತದೆ. ಒಂದೇ ಬೇಸರ. ಮೈಸೂರಿನ ಟಿ.ಎಸ್. ಸತ್ಯನ್ ಅವರ ಒಂದು ಚಿತ್ರವೂ ಈ ಕೋಣೆಯಲ್ಲಿಲ್ಲ. ಯುನಿಸೆಫ್‌ಗಾಗಿ ಅವರು ತೆಗೆದ ಮಕ್ಕಳ ಚಿತ್ರಗಳು 1979ರಲ್ಲಿ ನ್ಯೂಯಾರ್ಕಿನ ವಿಶ್ವಸಂಸ್ಥೆಯಲ್ಲಿ ಪ್ರದರ್ಶನಗೊಂಡಿದ್ದವು. ಸಾಮಾನ್ಯ ಜನರನ್ನು ಅಷ್ಟು ಮರ್ಯಾದೆಯಿಂದ ನೋಡಿದ ಕ್ಯಾಮೆರಾ ಕನ್ನಡಿಗರಲ್ಲಿ ಇನ್ನೊಂದು ನನಗೆ ಗೊತ್ತಿಲ್ಲ.

ಮರ್ಯಾದೆಯ ಮಾತು ಬಂತು, ಹಾಗಾಗಿ ಕೊನೆಯ ಹಾಲಿನ ಬಗ್ಗೆ ಗಟ್ಟಿಯಾಗಿಯೇ ಹೇಳಬೇಕು. ಅದು 2024ರ ಮಳೆಗಾಲ. ಜುಲೈ 16ಕ್ಕೆ ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿಯಿತು. ಆಗಸ್ಟ್ 7ರ ನಡುರಾತ್ರಿ ಕೋಡಿಬಾಗ ಮತ್ತು ಸದಾಶಿವಗಡದ ನಡುವಿನ ಹಳೆ ಕಾಳಿ ಸೇತುವೆ ಮುರಿದು ಬಿತ್ತು, ಒಂದು ಲಾರಿ ಹೊಳೆಗೆ ಹೋಯಿತು, ಪುಣ್ಯಕ್ಕೆ ಚಾಲಕ ಬದುಕಿದ. ಸೇತುವೆಯ ಚಿತ್ರಗಳನ್ನು ಜೋಡಿಸಿದ್ದು ಸೊಗಸಾಗಿದೆ, ಸೇತುವೆ ಆಗುವ ಮೊದಲು ಜನ ದೋಣಿಯಲ್ಲಿ ದಾಟುತ್ತಿದ್ದದ್ದು, ಹೊಸ ಸೇತುವೆಯ ಮೇಲೆ ಸೈಕಲ್ ಹಿಡಿದು ನಿಂತ ಹುಡುಗರು, ಆಮೇಲೆ ನೀರಿನಲ್ಲಿ ಓರೆಯಾಗಿ ಬಿದ್ದ ತುಂಡುಗಳು.

ಶಿರೂರಿನ ಚಿತ್ರಗಳು ಹೆಚ್ಚಿನವು ಮೊಬೈಲಿನಲ್ಲಿ ತೆಗೆದವು, ವಾಟ್ಸಾಪಿನಲ್ಲಿ ಓಡಾಡಿ ಸವೆದವು, ದೊಡ್ಡದು ಮಾಡಿದಾಗ ಚೌಕ ಚೌಕ ಒಡೆದಿವೆ. ಅದು ತಪ್ಪಲ್ಲ, ಆ ದಿನ ಅಲ್ಲಿದ್ದದ್ದು ಅದೇ ಕ್ಯಾಮೆರಾ. ಎರಡು ಚಿತ್ರಗಳ ಎದುರು ನಾನು ತುಂಬ ಹೊತ್ತು ನಿಂತೆ. ಮೊದಲನೆಯದು ಕುಸಿಯುವ ಮುಂಚಿನದ್ದು. ಹೆದ್ದಾರಿ ಅಗಲ ಮಾಡಲು ನೇರ ಕಡಿದ ಗುಡ್ಡ, ಅದರ ಬುಡದಲ್ಲಿ ಚಹಾ ಅಂಗಡಿ, ಎದುರು ಸಾಲಾಗಿ ನಿಂತ ಲಾರಿಗಳು, ಆಚೆ ಗಂಗಾವಳಿ. ಯಾರೋ ದಾರಿಹೋಕರು ಚಹಾ ಕುಡಿಯುತ್ತ ಸುಮ್ನೆ ತೆಗೆದದ್ದು. ಎರಡನೆಯದು ಹೊಳೆಯಾಚೆಯ ಉಳುವರೆಯದ್ದು. ಗುಡ್ಡ ನೀರಿಗೆ ಬಿದ್ದ ಹೊಡೆತಕ್ಕೆ ಹೊಳೆ ಎದ್ದು ಆಚೆ ದಡದ ಮನೆಗಳನ್ನು ಎಳೆದುಕೊಂಡು ಹೋಗಿತ್ತು. ಕೆಸರಿನಲ್ಲಿ ಒಂದು ಮಂಚ, ಮೂರು ಸ್ಟೀಲ್ ಕೊಡ, ಒಂದರ ಮೇಲೆ ಕೊರೆಸಿದ ಹೆಸರು. ಯಾರದ್ದೋ ಮದುವೆಗೆ ಬಂದ ಉಡುಗೊರೆ ಇರಬೇಕು.

ಇವೆರಡರ ನಡುವೆ ನಾಲ್ಕಡಿ ಎತ್ತರಕ್ಕೆ ಒಂದು ಹೆಂಗಸಿನ ಅಳುವ ಮುಖ ಹಾಕಿದ್ದಾರೆ. ಬಾಯಿ ತೆರೆದು, ಸೆರಗು ಜಾರಿ, ಯಾರೋ ತೋಳು ಹಿಡಿದುಕೊಂಡಿದ್ದಾರೆ. ಆಕೆ ಈ ಹಾಲಿನಿಂದ ಒಂದು ಗಂಟೆಯ ದಾರಿಯಲ್ಲಿ ಇವತ್ತೂ ಇರಬಹುದು. ಸಂತೆಗೆಂದು ಕಾರವಾರಕ್ಕೆ ಬರಬಹುದು. ಅವರನ್ನು ಕೇಳಿ ಹಾಕಿದ್ದೀರಾ ಎಂದು ಅಲ್ಲಿದ್ದವರನ್ನು ವಿಚಾರಿಸಿದೆ, ಯಾರಲ್ಲೂ ಉತ್ತರ ಇರಲಿಲ್ಲ. ಚಿತ್ರದ ಕೆಳಗೆ ‘ದುಃಖ’ ಎಂದಷ್ಟೇ ಇದೆ. ಅಳು ತೋರಿಸಲೇಬಾರದು ಎಂದು ನಾನು ಹೇಳುತ್ತಿಲ್ಲ. ಭೋಪಾಲದ ಚಿತ್ರ ಇಲ್ಲದಿದ್ದರೆ ಆ ವಿಷಾನಿಲ ಜಗತ್ತಿಗೆ ಒಂದು ಸುದ್ದಿಯಾಗಿ ಮುಗಿದು ಹೋಗುತ್ತಿತ್ತು. ಆದರೆ ಇಲ್ಲಿ ಗುಡ್ಡ ಕಡಿದದ್ದನ್ನು, ಅಂಗಡಿಯನ್ನು, ಕೊಡವನ್ನು ತೋರಿಸಿಯಾಗಿದೆ, ಆ ಮುಖ ಅದಕ್ಕಿಂತ ಹೆಚ್ಚೇನೂ ಹೇಳುವುದಿಲ್ಲ. ಸೀಬರ್ಡಿನ ಜನ ತಾವಾಗಿ ನಿಂತು ತೆಗೆಸಿಕೊಂಡರು, ಈಕೆಗೆ ಕ್ಯಾಮೆರಾ ಇದ್ದದ್ದೂ ಗೊತ್ತಿರಲಿಕ್ಕಿಲ್ಲ. ದಯವಿಟ್ಟು ಅದನ್ನು ಇಳಿಸಿ. ಇಲ್ಲವಾದರೆ ಮನೆಯವರ ಹತ್ತಿರ ಹೋಗಿ ಮಾತಾಡಿ ಬನ್ನಿ.

ಇನ್ನು ಹೋಗುವವರಿಗೆ. ಬೆಳಿಗ್ಗೆಯೇ ಹೋಗಿ. ಮಧ್ಯಾಹ್ನದ ಮೇಲೆ ಪಶ್ಚಿಮದ ಕಿಟಕಿಯ ಬೆಳಕು ನೇರ ಗಾಜಿಗೆ ಹೊಡೆಯುತ್ತದೆ, ಚಿತ್ರದ ಬದಲು ನಿಮ್ಮ ಮುಖವೇ ಕಾಣುತ್ತದೆ. ಭಾನುವಾರ ಸಂತೆಯ ಗದ್ದಲದಲ್ಲಿ ಗಾಡಿ ನಿಲ್ಲಿಸಲು ಜಾಗ ಸಿಗುವುದಿಲ್ಲ. ಟಿಕೆಟ್ ಇಲ್ಲ, ಡಬ್ಬಿ ಇಟ್ಟಿದ್ದಾರೆ, ಪ್ರಿಂಟಿನ ಖರ್ಚು ಕಮ್ಮಿಯೇನಲ್ಲ, ಹಾಕಿ ಬನ್ನಿ. ಶಾಲೆಯ ಮಕ್ಕಳನ್ನು ಕರೆತರುವ ಮಾಸ್ತರು, ಅಕ್ಕೋರು ಸಾಲಿನಲ್ಲಿ ಓಡಿಸಿಕೊಂಡು ಹೋಗಬೇಡಿ, ಒಂದೇ ಗೋಡೆ ಆರಿಸಿಕೊಂಡು ಅದರ ಎದುರು ಕೂರಿಸಿ. ಐಎನ್ಎಸ್ ಚಾಪೆಲ್ ಯುದ್ಧನೌಕೆ ನೋಡಲು ಹೇಗೂ ಕಡಲತೀರಕ್ಕೆ ಬಂದಿರುತ್ತೀರಲ್ಲ, ಎರಡನ್ನೂ ಒಂದೇ ದಿನಕ್ಕೆ ಇಟ್ಟುಕೊಳ್ಳಬಹುದು.

ಮೆಟ್ಟಿಲು ಮಾತ್ರ ದೊಡ್ಡ ತೊಂದರೆ. ಈ ಪ್ರದರ್ಶನಕ್ಕೆ ಯಾರು ಬರಲೇಬೇಕೋ ಅವರಿಗೇ ಮಂಡಿನೋವು. ಕಡಿದಾದ ಮರದ ಮೆಟ್ಟಿಲು, ಹಿಡಿದುಕೊಳ್ಳಲು ಒಂದೇ ಕಡೆ ಕಂಬಿ. ಸೀಬರ್ಡ್ ಮತ್ತು ಸೂಪಾದ ಚಿತ್ರಗಳನ್ನಾದರೂ ಕೆಳಗಿನ ಜಗುಲಿಗೆ ತಂದರೆ, ನಾಲ್ಕು ಕುರ್ಚಿ ಹಾಕಿದರೆ, ಆ ಪುಸ್ತಕ ವಾರದೊಳಗೆ ತುಂಬುತ್ತದೆ. ಶಿರಸಿಗೂ ಒಯ್ಯುವ ಯೋಚನೆ ಇದೆಯಂತೆ. ಖಂಡಿತ ಒಯ್ಯಲಿ, ಸಾಲ್ಕಣಿಯವರು ಬಂದು ಆ ದಿಮ್ಮಿಯ ಮೇಲೆ ಕೂತವರು ಯಾರ್ಯಾರು ಎಂದು ಹೇಳಲಿ. ಜೋಯಿಡಾಕ್ಕೂ ಮುಂಡಗೋಡಕ್ಕೂ ಹೋಗಲಿ. ನಿಮ್ಮ ಮನೆಯಲ್ಲಿ ಹಳೆ ನೆಗೆಟಿವ್ ಇದ್ದರೆ ಈ ಮಳೆಗಾಲಕ್ಕೆ ಮೊದಲೇ ತಂದು ಕೊಡಿ, ಅವರೇ ಸ್ಕ್ಯಾನ್ ಮಾಡಿ ವಾಪಸ್ ಕೊಡುತ್ತಾರೆ. ತರುವಾಗ ಅದರಲ್ಲಿ ಯಾರಿದ್ದಾರೆ, ಯಾವ ಊರು, ಯಾವ ವರ್ಷ ಎಂದು ಒಂದು ಚೀಟಿಯಲ್ಲಿ ಬರೆದು ಜೊತೆಗಿಡಿ.